ಡಾಕ್ಟರ್ ಎಸಿಲ್ಫಿಯವರ ಎಡಗೈ

ದೇಶದ ಅಧ್ಯಕ್ಷ ಯಾರಾಗಬೇಕೆಂದು ತೀರ್ಮಾನಿಸುವ ಹಕ್ಕು ಮತದಾರನದು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಈ ಸಲ ಮಾತ್ರ ಅದು ಸುಮಾರು ನಾಲ್ಕು ದಿನ ನಮ್ಮ ಬೀದಿಯಲ್ಲಿ ಬೋರ್ಡು ಬರೆಯುವ ಅಯಿತೆ ಸೋವಾನ ಕೈಯಲ್ಲಿತ್ತು. ಅವನು ಅದನ್ನು ದೇಶಭಕ್ತಿಯಿಂದ ಕೈಗೆ ತೆಗೆದುಕೊಂಡನೆಂದು ಯಾರೂ ತಿಳಿಯಬಾರದು. ಪಂಕ್ಚರ್ ಅಂಗಡಿಯ ಓಬ್ಲಿ ತಾಗೊನ ಮೇಲಿನ ಹೊಟ್ಟೆಕಿಚ್ಚಿನಿಂದ ತೆಗೆದುಕೊಂಡ.

ತಾಗೊ ಮೇಲೆ ಹೊಟ್ಟೆಕಿಚ್ಚು ಯಾಕೆಂದರೆ ಒಂದು ಮೊಳೆ. ಏಣಿ ಗುರುತಿನ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಡಾಕ್ಟರ್ ಕ್ವಾಮೆನಾ ಎಸಿಲ್ಫಿಯವರ ಕಾರು ನಮ್ಮೂರು ತೇಶಿಯ ಕಡಲ ರಸ್ತೆಯಲ್ಲಿ ಹೋಗುತ್ತಿದ್ದಾಗ, ತಾಗೊನ ಅಂಗಡಿಯಿಂದ ಸರಿಯಾಗಿ ಇಪ್ಪತ್ತು ಹೆಜ್ಜೆ ಆಚೆ ಚಕ್ರಕ್ಕೆ ಮೊಳೆ ಹೊಕ್ಕಿತು. ಅಲ್ಲಿಗೆ ಮೊಳೆ ಹೇಗೆ ಬಂತೆಂದು ಕೇಳಬೇಡಿ. ಆ ಜಾಗದಲ್ಲಿ ಹದಿನೈದು ವರ್ಷದಿಂದ ಮೊಳೆ ಇದ್ದೇ ಇರುತ್ತದೆ. ಡಾಕ್ಟರ್ ಕೆಳಗಿಳಿದರು, ಹಳೆಯ ಟೈರಿನ ಮೇಲೆ ಕುಳಿತರು, ನೀರಿನ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ನೀರು ಹೀರಿದರು. ಪಕ್ಕದಲ್ಲಿ ತಾಗೊ ಸ್ಪ್ಯಾನರ್ ಹಿಡಿದು ನಿಂತಿದ್ದ. ಯಾರೋ ಫೋಟೋ ತೆಗೆದರು.

ಅಲ್ಲಿಯವರೆಗೆ ಡಾಕ್ಟರನ್ನು ರೇಡಿಯೋದವರು 'ಫ್ರಿಜ್ಜಿನ ಮನುಷ್ಯ' ಎನ್ನುತ್ತಿದ್ದರು. ಹದಿನೆಂಟು ವರ್ಷ ಹೊರದೇಶದಲ್ಲಿ ಅರ್ಥಶಾಸ್ತ್ರ ಓದಿ ಬಂದವರು, ನಮಸ್ಕಾರ ಹೇಳಿದರೂ ಬಜೆಟ್ ಓದಿದಂತೆ ಕೇಳಿಸುತ್ತಿತ್ತು. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅವರು ನೀರು ಹೀರುವ ಫೋಟೋ, ಮೇಲೆ 'ನಮ್ಮ ನಡುವಿನ ಮನುಷ್ಯ' ಎಂಬ ತಲೆಬರಹ. ಒಂದು ಪ್ಯಾಕೆಟ್ ನೀರು ಹದಿನೆಂಟು ವರ್ಷದ ವಿದ್ಯೆಯನ್ನು ತೊಳೆದುಹಾಕಿತು.

ತಾಗೊ ಸುಮ್ಮನಿದ್ದನೆ? ಆ ಫೋಟೋವನ್ನು ಅಂಗಡಿಯಷ್ಟೇ ಎತ್ತರದ ಫ್ಲೆಕ್ಸ್ ಮಾಡಿಸಿ, ಸೋವಾ ಬಣ್ಣದಲ್ಲಿ ಬರೆದುಕೊಟ್ಟಿದ್ದ ಹಳೆಯ ಬೋರ್ಡಿನ ಮೇಲೆಯೇ ಹೊಡೆಸಿದ. ಪಂಕ್ಚರ್ ಆಗದವರೂ ಬಂದು ಗಾಳಿ ಹಾಕಿಸಿಕೊಂಡು ಹೋಗತೊಡಗಿದರು. ಯಾರದೇ ಸಾವಿನ ಮನೆಯಲ್ಲಿ ಅವನಿಗೆ ಮುಂದಿನ ಸಾಲಿನ ಕುರ್ಚಿ. ಮಾತು ಮಾತಿಗೆ 'ನಾನು ಮತ್ತು ಡಾಕ್ಟರ್' ಎನ್ನುತ್ತಿದ್ದ. ಸೋವಾ ಆ ಫ್ಲೆಕ್ಸ್ ನೋಡಬಾರದೆಂದು ದಿನಾ ಸುತ್ತು ದಾರಿ ಹಿಡಿದು ಹೋಗುತ್ತಿದ್ದ, ತಿರುವಿನಲ್ಲಿ ನಿಂತು ಇಣುಕಿ ನೋಡಿಯೇ ಹೋಗುತ್ತಿದ್ದ. ಸುಳ್ಳು ಹೇಳಲಾರೆ, ನನಗೂ ಹೊಟ್ಟೆ ಉರಿಯಿತು. ಆದರೆ ನಾನು ಕ್ಷೌರಿಕ. ಕತ್ತಿ ಹಿಡಿದವನು ಹೊಟ್ಟೆಯ ಉರಿಯನ್ನು ಕೈಗೆ ಇಳಿಯಲು ಬಿಡಬಾರದು.

ಹೀಗಿರುವಾಗ ಒಂದು ಮಂಗಳವಾರ ಸೋವಾನ ಮಗ ಲಾರ್ಟೆಗೆ ಗಂಡು ಮಗು ಹುಟ್ಟಿತು. ಸೋವಾನಿಗೆ ಮೊದಲ ಮೊಮ್ಮಗ. ನಮ್ಮಲ್ಲಿ ಎಂಟನೆಯ ದಿನ ಬೆಳಗಿನ ಜಾವ ಮಗುವನ್ನು ಮೊದಲ ಸಲ ಮನೆಯಿಂದ ಹೊರಗೆ ತಂದು ಆಕಾಶ ತೋರಿಸುತ್ತಾರೆ. ಎತ್ತಿ ತೋರಿಸಿದವರ ಗುಣವೇ ಮಗುವಿಗೆ ಬರುತ್ತದೆ. ಆದ್ದರಿಂದ ಕುಡುಕರು, ಸೋಮಾರಿಗಳು, ಬಾಯಿಬಡುಕರು, ಹೆಂಡತಿಗೆ ಹೊಡೆಯುವವರು, ಇವರನ್ನೆಲ್ಲ ಬಿಟ್ಟು ಉಳಿದವರಲ್ಲಿ ಒಬ್ಬರನ್ನು ಆರಿಸಬೇಕು. ನಮ್ಮ ಬೀದಿಯಲ್ಲಿ ಅದು ಸುಲಭದ ಕೆಲಸವಲ್ಲ. ಆರಿಸುವ ಅಧಿಕಾರ ಮನೆಯ ಹಿರಿಯಳಾದ ಅಮನುವಾಳದು. ಅವಳು ಸೋವಾನ ಸೋದರತ್ತೆ. ಎಪ್ಪತ್ತೆಂಟು ವರ್ಷ, ಮಂಡಿ ಮಾತ್ರ ಹೋಗಿದೆ, ನಾಲಿಗೆ ಗಟ್ಟಿಯಾಗಿದೆ.

"ಮಗುನ ತಾಗೊ ಎತ್ಲಿ," ಎಂದಳು ಅಮನುವಾ.

"ಯಾವ ತಾಗೊ?"

"ನಮ್ಮ ಬೀದೀಲಿ ಎಷ್ಟು ಜನ ತಾಗೊ ಇದಾರೋ? ಪೇಪರ್‌ನಲ್ಲಿ ಬಂದೋನು."

"ಅತ್ತೆ, ಅವನು ಟೈರಿಗೆ ಗಾಳಿ ಹೊಡೆಯೋನು!"

"ದೊಡ್ಡೋರ ಟೈರಿಗೆ ಹೊಡೆದಿದಾನೆ."

"ನಾನು ತಾತ! ಆ ಮಗು ನನ್ನ ರಕ್ತ!"

"ರಕ್ತ ಹೇಗೂ ಬಂದ್ಬಿಟ್ಟಿದೆ, ಏನ್ಮಾಡೋಕಾಗುತ್ತೆ. ಗುಣನಾದ್ರೂ ಬೇರೆ ಕಡೆಯಿಂದ ಬರ್ಲಿ ಅಂತ."

ಸೋವಾ ಹೆಂಡತಿಯ ಕಡೆ ನೋಡಿದ. ಕೊರ್ಕೊಯ್ ಮಗುವಿನ ಬಟ್ಟೆ ಮಡಿಸುತ್ತಾ, "ಅತ್ತೆ ಹೇಳೋದ್ರಲ್ಲಿ ತಪ್ಪೇನಿದೆ? ತಾಗೊ ಅಣ್ಣ ಫೋಟೋದಲ್ಲಿ ಎಷ್ಟು ಗಂಭೀರವಾಗಿ ನಿಂತಿದಾರೆ," ಎಂದಳು. ಸೋವಾನಿಗೆ ಅಂದು ಮಧ್ಯಾಹ್ನದ ಊಟ ಸೇರಲಿಲ್ಲ. ತನ್ನ ಮೊಮ್ಮಗ ಮುಂದೆ ತಾಗೊನ ಹಾಗೆ ನಗುತ್ತಾನೆ, ತಾಗೊನ ಹಾಗೆ ಸ್ಪ್ಯಾನರ್ ಹಿಡಿಯುತ್ತಾನೆ, 'ನಾನು ಮತ್ತು ಡಾಕ್ಟರ್' ಎನ್ನುತ್ತಾನೆ. ಸಂಜೆ ಅವನು ಅಮನುವಾಳ ಮುಂದೆ ಹೋಗಿ ಕುಳಿತು ಅಕ್ಷರಶಃ ಕಾಲು ಹಿಡಿದ.

"ಕಾಲು ಬಿಡೋ, ಮಂಡಿ ನೋವು," ಎಂದಳು ಅವಳು. "ಸರಿ. ಎಂಟು ದಿನದೊಳಗೆ ನೀನೂ ದೊಡ್ಡೋರ ಪಕ್ಕ ಕೂತು ಊರು ನೋಡೋ ಹಾಗೆ ಬಾ. ಆಗ ಯೋಚ್ನೆ ಮಾಡ್ತೀನಿ."

ದೊಡ್ಡವರು ಶುಕ್ರವಾರವೇ ಬಂದರು. ಪ್ಯಾಕೆಟ್ ನೀರಿನ ಫೋಟೋ ಅಷ್ಟು ಕೆಲಸ ಮಾಡಿದ್ದರಿಂದ ಡಾಕ್ಟರ್ ಎಸಿಲ್ಫಿಯವರು ತೇಶಿಯಲ್ಲಿ ಜನಸಾಮಾನ್ಯರ ಹಾಗೆ ಕೆಂಕಿ, ಅಂದರೆ ಬೇಯಿಸಿದ ಹುಳಿ ಹಿಟ್ಟಿನ ಉಂಡೆ, ತಿನ್ನಬೇಕೆಂದು ಪಕ್ಷ ತೀರ್ಮಾನಿಸಿತ್ತು. ಜಾಗ ಆಡೊಲೆ ಅಕ್ಕನ ಕೆಂಕಿ ಅಂಗಡಿ, ನನ್ನ ಅಂಗಡಿಯ ಎದುರಿಗೇ. ಆ ಹೊತ್ತಿನಲ್ಲಿ ನನ್ನ ಕುರ್ಚಿಯಲ್ಲಿ ಕುಳಿತಿದ್ದ ಗಿರಾಕಿ ಅರ್ಧ ತಲೆ ಬೋಳಿಸಿಕೊಂಡವನು ಹಾಗೆಯೇ ಎದ್ದು ಓಡಿಹೋದ. ನಾನು ಅವನ ಹಿಂದೆ ಓಡಿದೆ. ಹಾಗಾಗಿ ಐತಿಹಾಸಿಕ ಕ್ಷಣವನ್ನು ನಾನು ಕಣ್ಣಾರೆ ನೋಡಲಿಲ್ಲ. ಮುಂಚಿನದನ್ನು ಮಾತ್ರ ನೋಡಿದೆ.

ಡಾಕ್ಟರ ವರ್ಚಸ್ಸು ನೋಡಿಕೊಳ್ಳುವವಳು ಮಿಸ್ ಬ್ಲಾಂಕ್ಸನ್ ಎಂಬ ಕಪ್ಪು ಕನ್ನಡಕದ ಹೆಣ್ಣುಮಗಳು. ಅವಳು ಬಂದವಳೇ ಆಡೊಲೆ ಅಕ್ಕನ ತಲೆವಸ್ತ್ರದ ಕಡೆ ಬೆರಳು ತೋರಿಸಿದಳು.

"ಅಕ್ಕಾ, ಅದನ್ನ ಬಿಚ್ಚಿ."

"ಯಾಕಮ್ಮಾ?"

"ನೇರಳೆ ಬಣ್ಣ. ಅದು ಮಡಕೆ ಪಕ್ಷದ್ದು."

"ಇದು ನಮ್ಮಮ್ಮಂದು."

ಹೀಗೆ ಆಡೊಲೆ ಅಕ್ಕ ಸ್ವಂತ ಅಂಗಡಿಯಿಂದ ಗೋಡೆಯ ಹಿಂದಕ್ಕೆ ಹೋಗಬೇಕಾಯಿತು. ಜನಸಾಮಾನ್ಯರ ನಡುವೆ ಡಾಕ್ಟರ್ ಕುಳಿತರು. ಅವರ ಸುತ್ತ ಕುಳಿತಿದ್ದ ಜನಸಾಮಾನ್ಯರನ್ನು ವ್ಯಾನಿನಲ್ಲಿ ಕರೆತಂದಿದ್ದರು.

"ಡಾಕ್ಟರ್, ಇನ್ನೊಂದು ತುತ್ತು," ಎಂದಳು ಮಿಸ್ ಬ್ಲಾಂಕ್ಸನ್. "ಹಸಿದೋರ ಥರ. ಅಷ್ಟೊಂದಲ್ಲ. ಅಧ್ಯಕ್ಷರ ಹಸಿವು."

ಡಾಕ್ಟರ್ ಮೆಕ್ಕೆಜೋಳದ ಸಿಪ್ಪೆ ಬಿಡಿಸಿ ಕೆಂಕಿ ಮುರಿದು, ಕರಿದ ಮೀನು ಸೇರಿಸಿ, ಖಾರಕ್ಕೆ ಅದ್ದಿ ಬಾಯಿಗಿಟ್ಟರು. ಆರನೆಯ ತುತ್ತಿಗೆ ಕಣ್ಣಲ್ಲಿ ನೀರು ಬಂತು. "ಕಣ್ಣೀರು ಚೆನ್ನಾಗಿದೆ, ಇರ್ಲಿ," ಎಂದಳು. ಆಗ ಸೋವಾ, ಮದುವೆಗೆಂದು ಹೊಲಿಸಿದ್ದ ಬಿಳಿ ಶರ್ಟು ಹಾಕಿಕೊಂಡು, ಕಾವಲಿನವನ ಕಂಕುಳ ಕೆಳಗಿಂದ ನುಗ್ಗಿ ಡಾಕ್ಟರ ಪಕ್ಕದ ಬೆಂಚಿನಲ್ಲಿ ಕುಕ್ಕರಿಸಿದ. ಅವರ ತಟ್ಟೆಗೇ ಕೈ ಹಾಕಿ ತುತ್ತು ತೆಗೆದುಕೊಂಡ. ಇನ್ನೊಂದು ಕೈಯಲ್ಲಿ ಫೋನು ಚಾಚಿ, ತಾನೂ ಡಾಕ್ಟರೂ ಬಾಯಿ ತೆರೆದಿರುವಾಗ ಒತ್ತಿದ. ತಟ್ಟೆಗೆ ಕೈ ಹಾಕಿದ್ದು, ಫೋಟೋ ಒತ್ತಿದ್ದು ಅವನೇ ಆಮೇಲೆ ಹೇಳಿದ್ದು; ಅವನು ಕುಕ್ಕರಿಸಿದಾಗಲೇ ನನ್ನ ಗಿರಾಕಿ ಅರ್ಧ ತಲೆಯೊಂದಿಗೆ ತಿರುವಿನಲ್ಲಿ ಮರೆಯಾದ ಮತ್ತು ನಾನು ಓಡಿದೆ.

ಸಂಜೆಯೊಳಗೆ ಆ ಫೋಟೋ ಹನ್ನೊಂದು ಗುಂಪುಗಳಿಗೆ ಹೋಯಿತು. ಕುಟುಂಬದ ಗುಂಪು, ಚರ್ಚಿನ ಗುಂಪು, ಶಾಲೆಯ ಹಳೆಯ ಗೆಳೆಯರ ಗುಂಪು, ಹೆಂಡತಿಯ ತವರಿನವರ ಗುಂಪು. ಕೆಳಗೆ ಬರೆದಿದ್ದ: 'ನಾನು ಮತ್ತು ಡಾಕ್ಟರ್. ಒಂದೇ ತಟ್ಟೆ.' ತಾಗೊನಿಗೆ ಮಾತ್ರ ಬೇರೆಯಾಗಿ, ಮೂರು ಸಲ ಕಳಿಸಿದ.

ಶನಿವಾರ ಬೆಳಿಗ್ಗೆ ನನ್ನ ಅಂಗಡಿಯ ರೇಡಿಯೋ ಹಾಕಿದೆ. ಸೋವಾ ಮುಂಚೆಯೇ ಬಂದು ಕುಳಿತಿದ್ದ. ಹೆಸರು ಬರುತ್ತದೆಂದು ಅವನಿಗೆ ಆಸೆ.

"ನಿನ್ನೆ ಇಡೀ ದೇಶ ನೋಡಿದ ಫೋಟೋ," ಎಂದಿತು ರೇಡಿಯೋ. ಸೋವಾ ಕಾಲರು ಸರಿಮಾಡಿಕೊಂಡ. "ಡಾಕ್ಟರ್ ಎಸಿಲ್ಫಿಯವರು ತೇಶಿಯ ಜನರ ಮುಂದೆ, ಒಂದೇ ತಟ್ಟೆಯಿಂದ, ಎಡಗೈಯಲ್ಲಿ ಊಟ ಮಾಡಿದ್ದಾರೆ!"

ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು. ಎಡಗೈಯಲ್ಲಿ ದಾರಿ ತೋರಿಸಿದರೂ ಬೈಸಿಕೊಳ್ಳುವ ಊರು ನಮ್ಮದು. ಎಡಗೈಯಲ್ಲಿ ಚಿಲ್ಲರೆ ಕೊಟ್ಟದ್ದಕ್ಕೆ ಬಸ್ಸಿನಲ್ಲಿ ಹೊಡೆದಾಟವಾಗಿದೆ. ಅಂಥ ಕೈಯನ್ನು ಹಂಚಿಕೊಂಡ ತಟ್ಟೆಗೆ!

"ಸೋವಾ, ಅವರು ಎಡಗೈಲಿ ತಿಂದ್ರಾ?" ಎಂದು ಕೇಳಿದೆ. ನಾನು ನೋಡಿದ್ದು ಡಾಕ್ಟರ ಕಣ್ಣೀರನ್ನು, ಕೈಯನ್ನಲ್ಲ.

"ನನಗೇನು ಗೊತ್ತು ಕ್ಪಾಕ್ಪೊ? ನಾನು ನನ್ನ ಮುಖ ನೋಡ್ಕೊತಿದ್ದೆ," ಎಂದ ಸೋವಾ. ಫೋನು ತೆಗೆದು ನೋಡಿದ. ಎಡಗೈಯೇ. "ಫೋಟೋದಲ್ಲಿ ಇದೆಯಲ್ಲ. ತಿಂದಿರ್ಬೇಕು."

ಅಷ್ಟು ಸಾಕಾಯಿತು. ಒಂದು ಗಂಟೆಯಲ್ಲಿ ಇಬ್ಬರು ವರದಿಗಾರರು ಬಂದರು, ಮಧ್ಯಾಹ್ನಕ್ಕೆ ಏಳು ಜನ. ಪ್ರತಿಯೊಬ್ಬರಿಗೂ ಸೋವಾ, "ಫೋಟೋ ಇದೆಯಲ್ಲ ಸ್ವಾಮಿ, ನಾನು ಬೇರೆ ಹೇಳ್ಬೇಕಾ?" ಎಂದು ಭಾರವಾದ ದನಿಯಲ್ಲಿ ಹೇಳಿದ. ಮೊದಲ ಸಲ ಹೇಳುವಾಗ ಅವನಿಗೆ ಅನುಮಾನವಿತ್ತು. ಏಳನೆಯ ಸಲಕ್ಕೆ ಡಾಕ್ಟರ ಎಡಗೈಯ ಉಗುರುಗಳನ್ನೂ ವರ್ಣಿಸುತ್ತಿದ್ದ.

ಮಡಕೆ ಪಕ್ಷದವರು ಪತ್ರಿಕಾಗೋಷ್ಠಿ ಕರೆದು, ಈ ಮನುಷ್ಯ ನಾಳೆ ನಮ್ಮ ಪರಂಪರೆಯ ದೊರೆಗಳ ಕೈಯನ್ನು ಯಾವ ಕೈಯಿಂದ ಕುಲುಕುತ್ತಾರೆಂದು ಕೇಳಿದರು. ಏಣಿ ಪಕ್ಷದವರು ಮೊದಲ ಹೇಳಿಕೆ ಕೊಟ್ಟು, ತಮ್ಮದೇ ಕ್ಯಾಮೆರಾ ತೆಗೆದ ವಿಡಿಯೋ ಬಿಟ್ಟರು. ಅದರಲ್ಲಿ ಡಾಕ್ಟರ್ ಬಲಗೈಯಲ್ಲೇ ತಿನ್ನುತ್ತಿದ್ದರು. ರೇಡಿಯೋದಲ್ಲಿ ಒಬ್ಬ ತಜ್ಞರು ನಕ್ಕರು. "ಪಕ್ಷದ ವಿಡಿಯೋನ ತಿದ್ದಿರ್ತಾರೆ. ಪಾಪ, ಬೋರ್ಡು ಬರೆಯೋ ಬಡವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನು?" ಎಂದು ಕೇಳಿದರು. ಆಗಬೇಕಾದ್ದು ಏನೆಂದು ನಾನು ಫೋನು ಮಾಡಿ ಹೇಳಬೇಕೆಂದುಕೊಂಡೆ. ಲೈನ್ ಸಿಗಲಿಲ್ಲ.

ಸಂಜೆಗೆ ಎರಡನೆಯ ಹೇಳಿಕೆ ಬಂತು. ಡಾಕ್ಟರ್ ಎಡಗೈಯಲ್ಲಿ ತಿಂದದ್ದು ನಿಜ, ದೇಶದ ಲಕ್ಷಾಂತರ ಎಡಚರ ನೋವಿಗೆ ಸ್ಪಂದಿಸಿ ತಿಂದರು ಎಂದು. ತಕ್ಷಣ ಎಡಚರ ಸಂಘವೊಂದು ಹುಟ್ಟಿಕೊಂಡಿತು. ಕಾಲೇಜು ಹುಡುಗರು ಎಡಗೈಯಲ್ಲಿ ಕೆಂಕಿ ತಿನ್ನುವ ವಿಡಿಯೋಗಳನ್ನು ಹಾಕತೊಡಗಿದರು. ಅರ್ಧದಷ್ಟು ವಿಡಿಯೋಗಳು ತಾಯಿಯ ಕೈ ಚೌಕಟ್ಟಿನೊಳಗೆ ಬಂದು ಕಪಾಳಕ್ಕೆ ಬೀಳುವಲ್ಲಿಗೆ ಮುಗಿಯುತ್ತಿದ್ದವು. ಮುದುಕರ ಮತ ಹೋಯಿತೆಂದು ಪಕ್ಷಕ್ಕೆ ಗಾಬರಿಯಾಗಿ ಭಾನುವಾರ ಬೆಳಿಗ್ಗೆ ಮೂರನೆಯ ಹೇಳಿಕೆ: ಡಾಕ್ಟರ ಬಲಗೈಗೆ ಪೆಟ್ಟಾಗಿದೆ, ನೋವು ನುಂಗಿಕೊಂಡು ಜನರೊಡನೆ ಉಂಡರು. ಹತ್ತು ಗಂಟೆಗೆ ಡಾಕ್ಟರ್ ಚರ್ಚಿಗೆ ಬಂದಾಗ ಅವರ ಬಲಗೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿತ್ತು. ಪಾದ್ರಿಗಳು ಆ ಕೈಗಾಗಿ ವಿಶೇಷ ಪ್ರಾರ್ಥನೆ ಮಾಡಿದರು.

ಈ ಎರಡು ದಿನದಲ್ಲಿ ತಾಗೊ ಪಟ್ಟ ಪಾಡು ನೋಡಬೇಕಿತ್ತು. ಶನಿವಾರ ಬೆಳಿಗ್ಗೆ ಫ್ಲೆಕ್ಸಿಗೆ ಟಾರ್ಪಾಲು ಮುಚ್ಚಿದ. ಎಡಚರ ವಿಡಿಯೋ ಬಂದಾಗ ತೆಗೆದ. ತಾಯಂದಿರ ಕಪಾಳಮೋಕ್ಷ ಶುರುವಾದಾಗ ಮತ್ತೆ ಮುಚ್ಚಿದ. ಬ್ಯಾಂಡೇಜ್ ಬಂದ ಮೇಲೆ ಅರ್ಧ ತೆಗೆದು, ಡಾಕ್ಟರ ಮುಖ ಕಾಣದ ಹಾಗೆ, ತನ್ನದು ಮಾತ್ರ ಕಾಣುವ ಹಾಗೆ ಕಟ್ಟಿದ.

"ಎಡಗೈಯೋನ ಟೈರು ಹಾಕಿದೋನು ನಮ್ಮ ಮಗುನ ಎತ್ತೋದು ಬೇಡ," ಎಂದು ಅಮನುವಾ ಅವನನ್ನು ಕೈಬಿಟ್ಟಳು. ಸುದ್ದಿ ಕೇಳಿ ಸೋವಾ ನನ್ನ ಅಂಗಡಿಯ ಕನ್ನಡಿಯ ಮುಂದೆ ಒಂದು ಸುತ್ತು ಕುಣಿದ. ಗೆದ್ದಾಯಿತು ಎಂದುಕೊಂಡ. ಅಷ್ಟಕ್ಕೆ ನಿಲ್ಲಿಸಿದ್ದರೆ ಗೆದ್ದೇ ಬಿಡುತ್ತಿದ್ದ.

ಆದರೆ ಭಾನುವಾರದ ಪತ್ರಿಕೆಗಳು ಬಂದವು. ಒಂದರಲ್ಲೂ ಸೋವಾ ಇರಲಿಲ್ಲ. ಡಾಕ್ಟರ ಕೈ ದೊಡ್ಡದಾಗಿ ಕಾಣಲೆಂದು ಫೋಟೋವನ್ನು ಕತ್ತರಿಸಿದ್ದರು. ಎರಡು ಪತ್ರಿಕೆಗಳಲ್ಲಿ ಅವನ ಕಿವಿ ಉಳಿದಿತ್ತು, ಒಂದರಲ್ಲಿ ಅದೂ ಇಲ್ಲ. ಮೂರು ವಾರದ ಹಿಂದೆ ತಾಗೊ ನಿಂತದ್ದು ಸ್ಪ್ಯಾನರ್ ಸಮೇತ ಇಡಿಯಾಗಿ ಅಚ್ಚಾಗಿತ್ತು.

"ಇದು ಯಾರ ಕಿವಿ?" ಎಂದು ಕೇಳಿದ ತಾಗೊ, ಪತ್ರಿಕೆ ಹಿಡಿದು ನನ್ನ ಅಂಗಡಿಗೇ ಬಂದು.

"ನಂದು!"

"ಇರ್ಬೋದು. ಕಿವಿ ಕಂಡು ಮನುಷ್ಯನ್ನ ಗುರುತಿಸೋದು ಕಷ್ಟ. ಬೀದೀಲಿ ಎಲ್ಲರಿಗೂ ಎರಡೆರಡಿದೆ."

ಸೋವಾ ಅಲ್ಲಿ ನಿಲ್ಲಲಿಲ್ಲ. ಕತ್ತರಿಸದ ಫೋಟೋ ತುಂಬಿದ ಫೋನು ಹಿಡಿದು ಬೀದಿಯ ಮನೆ ಮನೆಗೂ ಹೋಗಿ, ಕಿವಿಯ ಜೊತೆಗೆ ಉಳಿದ ಭಾಗವನ್ನೂ ತೋರಿಸಿದ. ಕೊನೆಗೆ ಅಮನುವಾಳ ಕೈಗೇ ಕೊಟ್ಟ. ಅವಳು ಕನ್ನಡಕ ಹಾಕಿಕೊಂಡು, ಫೋನನ್ನು ಮೂಗಿನವರೆಗೆ ತಂದು, ಬಹಳ ಹೊತ್ತು ನೋಡಿದಳು.

"ಡಾಕ್ಟರ್ ಕೈ ಹಾಳಾಗಿ ಹೋಗ್ಲಿ. ಇದೇನೋ ಇದು, ಸೋವಾ?"

"ಯಾವುದು ಅತ್ತೆ?"

"ನೀನೂ ಎಡಗೈಲೇ ತಿಂತಿದೀಯಲ್ಲೋ!"

ಸೋವಾ ಫೋನು ಕಿತ್ತುಕೊಂಡು ನೋಡಿದ. ದೇಶವೆಲ್ಲ ಡಾಕ್ಟರನ್ನು ನೋಡಿತ್ತು, ಸೋವಾ ತನ್ನ ಮುಖ ನೋಡಿಕೊಂಡಿದ್ದ. ಸೋವಾನ ಕೈಯನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಅವನ ಎಡಗೈಯಲ್ಲಿ ಕೆಂಕಿಯ ತುತ್ತು, ತೆರೆದ ಬಾಯಿಯ ಮುಂದೆ.

"ದೊಡ್ಡೋರು ಎಡಗೈಲಿ ತಿಂದ್ರು ಅಂತ ಇವನೂ ಶುರುಮಾಡಿದಾನೆ!" ಎಂದು ಅಮನುವಾ ಓಣಿಗೆಲ್ಲ ಕೇಳುವಂತೆ ಹೇಳಿದಳು. "ನಾಳೆ ಅವರು ತಲೆಕೆಳಗಾಗಿ ನಡೆದ್ರೆ ಇವನೂ ನಡೀತಾನೆ. ಇವನ ಕೈಗೆ ಮಗು? ನಾನೇ ಎತ್ಕೊತೀನಿ, ಮಂಡಿ ಮುರಿದ್ರೂ ಪರವಾಗಿಲ್ಲ."

ಸೋವಾ ಆ ಸಂಜೆ ಹೆಂಡತಿಯ ಮುಂದೆ ಅತ್ತ. ನಾಚಿಕೆ ಬಿಟ್ಟು, ದೊಡ್ಡ ದನಿ ತೆಗೆದು ಅತ್ತ. ಕೊರ್ಕೊಯ್‌ಗೆ ಗಂಡ ಅಳುವುದನ್ನು ಸಹಿಸಲಾಗದು. ಹಾಗಾಗಿ ಅವನ ಕಡೆ ನೋಡದೆ ಫೋಟೋ ನೋಡುತ್ತಾ ಕುಳಿತಳು.

"ರೀ, ಬಾಯಿ ತೆಗೀರಿ."

"ಯಾಕೆ?"

"ತೆಗೀರಿ ಅಂದ್ನಲ್ಲ. ಏಣಿಯಿಂದ ಬಿದ್ದಾಗ ಹೋದ ಹಲ್ಲು ಎಡಗಡೆದು. ಇಲ್ಲಿ ಬಲಗಡೆ ಹೋಗಿದೆ!"

ಸೋವಾ ಬಾಯಿಗೆ ಬೆರಳು ಹಾಕಿ ನೋಡಿಕೊಂಡ. ಫೋಟೋ ನೋಡಿದ. ಮತ್ತೆ ಬೆರಳು ಹಾಕಿದ. ಅವನ ಫೋನು ತನ್ನನ್ನು ತಾನು ತೆಗೆದುಕೊಂಡ ಫೋಟೋಗಳನ್ನೆಲ್ಲ ಕನ್ನಡಿಯಲ್ಲಿ ಕಾಣುವ ಹಾಗೆ, ಎಡವನ್ನು ಬಲ ಮಾಡಿ ಇಟ್ಟುಕೊಳ್ಳುತ್ತಿತ್ತು. ಇಪ್ಪತ್ತೆರಡು ವರ್ಷ ಎಡದಿಂದ ಬಲಕ್ಕೆ ಅಕ್ಷರ ಬರೆದ ಮನುಷ್ಯನಿಗೆ ಇದು ಹೊಳೆದಿರಲಿಲ್ಲ. ಡಾಕ್ಟರೂ ಬಲಗೈಯಲ್ಲಿ ತಿಂದಿದ್ದರು, ಅವನೂ ಬಲಗೈಯಲ್ಲಿ ತಿಂದಿದ್ದ.

ಸೋಮವಾರ ಬೆಳಿಗ್ಗೆ ಅವನು ಏಣಿ ಪಕ್ಷದ ಕಚೇರಿಗೆ ಓಡಿದ. ಜೊತೆಗೆ ನಾನೂ ಹೋದೆ. ಅಂಗಡಿ ಮುಚ್ಚಿ ಹೋದೆ ಎಂದರೆ ಎಂಥ ಕುತೂಹಲವಿದ್ದಿರಬೇಕು ನೋಡಿ. ಮಿಸ್ ಬ್ಲಾಂಕ್ಸನ್ ಅವನ ಮಾತನ್ನು ಪೂರ್ತಿ ಕೇಳಿದಳು. ಬಾಯಿ ತೆಗೆಸಿ ಹಲ್ಲನ್ನೂ ನೋಡಿದಳು.

"ಗೊತ್ತು," ಎಂದಳು. "ಫೋಟೋ ಉಲ್ಟಾ ಅಂತ ನಮಗೆ ನಿನ್ನೇನೇ ಗೊತ್ತಾಯ್ತು."

"ಹಾಗಾದ್ರೆ ಹೇಳಿಬಿಡಿ ಮೇಡಂ! ಡಾಕ್ಟರ್ ತಪ್ಪು ಮಾಡಿಲ್ಲ ಅಂತ, ನಾನೂ ಮಾಡಿಲ್ಲ ಅಂತ!"

"ಹೇಗೆ ಹೇಳೋದು? ಆಗ್ಲೇ ಮೂರು ಹೇಳಿಕೆ ಕೊಟ್ಟಿದೀವಿ. ನಿಜ ಹೇಳಿದ್ರೆ ನಾಲ್ಕನೇದಾಗುತ್ತೆ. ನಾಲ್ಕು ಸಲ ಮಾತು ಬದಲಾಯಿಸೋ ಪಕ್ಷಕ್ಕೆ ಜನ ವೋಟು ಹಾಕ್ತಾರಾ?"

"ಆದ್ರೆ ಅದು ನಿಜ..."

"ನಿಜಾನೇ. ತಡವಾಗಿ ಬಂತು. ಮತ್ತೆ ಬ್ಯಾಂಡೇಜ್ ಏನ್ಮಾಡೋದು? ಚರ್ಚಲ್ಲಿ ಪ್ರಾರ್ಥನೆ ಆಗಿದೆ." ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ನಿಮ್ಮ ಮನೇಲಿ ನಾಳೆ ಮಗು ಹೊರಗೆ ತರೋ ಶಾಸ್ತ್ರ ಅಲ್ವಾ? ಡಾಕ್ಟರ್ ಬರ್ತಾರೆ. ಮಗುನ ಎತ್ಲಿ. ಹಿರಿಯರ ಮನಸ್ಸು ತಣ್ಣಗಾಗುತ್ತೆ. ಎಂಟು ಕ್ಯಾಮೆರಾ ತರ್ತೀನಿ."

ದಾರಿಯುದ್ದಕ್ಕೂ ಸೋವಾ ಬೆರಳು ಮಡಿಸಿ ಸ್ಪರ್ಧಿಗಳನ್ನು ಎಣಿಸುತ್ತಾ ಬಂದ. ಮೊಮ್ಮಗನನ್ನು ಎತ್ತಲು ತಾಗೊ ಒಬ್ಬ ಸ್ಪರ್ಧಿ ಇದ್ದ, ಈಗ ದೇಶದ ಭಾವೀ ಅಧ್ಯಕ್ಷರನ್ನೂ ತಾನೇ ಹೋಗಿ ಕರೆದುಬಂದ ಹಾಗಾಗಿತ್ತು.

ಮಂಗಳವಾರ ಬೆಳಕು ಹರಿಯುವ ಮುಂಚೆ ಅಂಗಳ ತುಂಬಿತು. ಒಂದು ಕಡೆ ಬೀದಿಯವರು, ಇನ್ನೊಂದು ಕಡೆ ಕ್ಯಾಮೆರಾದವರು, ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಲಗೈ ಬ್ಯಾಂಡೇಜಿನ ಡಾಕ್ಟರ್ ಎಸಿಲ್ಫಿ. ಮಗುವಿಗೆ ಮೊದಲ ಮಳೆ ತೋರಿಸಲೆಂದು ಲಾರ್ಟೆ ಛಾವಣಿಗೆ ಎರಚುವ ನೀರಿನ ಬಕೆಟ್ ಹಿಡಿದು ನಿಂತಿದ್ದ. ಮಿಸ್ ಬ್ಲಾಂಕ್ಸನ್ ಅಮನುವಾಳ ಕಿವಿಯಲ್ಲಿ ಏನೋ ಹೇಳಿದಳು.

"ಕೈಗೆ ಪೆಟ್ಟಾದೋರ ಕೈಗೆ ಮಗು ಕೊಡೋಕಾಗುತ್ತೇನಮ್ಮಾ?" ಎಂದಳು ಅಮನುವಾ ಗಟ್ಟಿಯಾಗಿಯೇ. "ಕೂತಿರ್ಲಿ ಪಾಪ. ಕುಡಿಯೋಕೆ ಕೊಡ್ತೀವಿ."

ಅವಳು ಕೋಣೆಯಿಂದ ಮಗುವನ್ನು ತರಿಸಿಕೊಂಡು ಹೊಸ್ತಿಲಿಗೆ ಬಂದಳು. ಒಂದು ಮೆಟ್ಟಿಲು ಇಳಿದಳು. ಎರಡನೆಯದಕ್ಕೆ ಮಂಡಿ ಹಿಡಿದುಕೊಂಡಿತು. ಎಲ್ಲರೂ "ಅಯ್ಯೋ" ಎಂದರು. ಸೋವಾ ಮುಂದೆ ನುಗ್ಗಿ ಮಂಡಿಯೂರಿದ.

"ಅತ್ತೆ, ಕೊಡಿ. ಆಣೆ ಮಾಡ್ತೀನಿ, ನಾನು ಬಲಗೈಲೇ ತಿಂದೆ. ಆ ಫೋನು ಉಲ್ಟಾ ತೋರಿಸ್ತು."

"ಫೋನು ಉಲ್ಟಾ ತೋರಿಸಿದ್ರೆ ಡಾಕ್ಟರ್ ಕೈಗೆ ಬ್ಯಾಂಡೇಜ್ ಯಾಕೋ?" ಎಂದಳು ಅಮನುವಾ.

ಸೋವಾ ಡಾಕ್ಟರ ಕಡೆ ನೋಡಿದ. ಡಾಕ್ಟರ್ ಆಕಾಶ ನೋಡಿದರು. ಬ್ಯಾಂಡೇಜಿಗಿಂತ ದೊಡ್ಡ ಸಾಕ್ಷಿ ಅಂಗಳದಲ್ಲಿ ಇರಲಿಲ್ಲ.

"ನೀನು ಬಲಗೈಲಿ ತಿಂದಿದ್ದನ್ನ ನೋಡಿದೋರು ಒಬ್ಬರಾದ್ರೂ ಇದಾರಾ?" ಎಂದು ಕೇಳಿದಳು. ಆಡೊಲೆ ಅಕ್ಕ ತಲೆ ತಗ್ಗಿಸಿದಳು, ಅವಳು ಗೋಡೆಯ ಹಿಂದಿದ್ದಳು. ನಾನೂ ತಗ್ಗಿಸಿದೆ. ಉಳಿದವರೆಲ್ಲ ಅವತ್ತು ಅಲ್ಲಿದ್ದವರೇ. ಆದರೆ ಎಲ್ಲರೂ ತಮ್ಮ ತಮ್ಮ ಫೋನು ಎತ್ತಿ ಡಾಕ್ಟರ ಮುಖವನ್ನಷ್ಟೇ ಹಿಡಿಯುತ್ತಿದ್ದರು. ಸೋವಾನನ್ನು ಯಾರು ನೋಡುತ್ತಾರೆ?

ಆಗಲೇ ಕುರ್ಚಿಗಳ ಕಡೆ ಜೋಳದ ಮದ್ಯದ ಸೋರೆ ಬುರುಡೆ ಕೈಯಿಂದ ಕೈಗೆ ಬಂದು ಡಾಕ್ಟರ ಮುಂದೆ ನಿಂತಿತ್ತು. ಎಲ್ಲರೂ ಒಂದೇ ಬುರುಡೆಯಿಂದ, ಬಲಗೈಯಲ್ಲಿ ಹಿಡಿದು ಕುಡಿಯಬೇಕು. ಎಡಗೈ ಚಾಚಿದರೆ ಚುನಾವಣೆ ಮುಗಿಯಿತು. ಬಲಗೈಗೆ ಪೆಟ್ಟಾಗಿದೆ. ಮಿಸ್ ಬ್ಲಾಂಕ್ಸನ್ ಮುಖ ಬಿಳಿಚಿಕೊಂಡಿತು. ಎಂಟು ಕ್ಯಾಮೆರಾಗಳೂ, ಅಂಗಳದಲ್ಲಿದ್ದ ಅಷ್ಟೂ ಫೋನುಗಳೂ ಒಟ್ಟಿಗೇ ಆ ಕಡೆ ತಿರುಗಿದವು.

ಅದೇ ಕ್ಷಣ ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ಬಲಗೈಲೇ ತಿಂದ."

ತಾಗೊ ಎದ್ದು ನಿಂತಿದ್ದ. ಮುಖ 'ಯಾಕಾದರೂ ಎದ್ದೆನೋ' ಎನ್ನುವಂತಿತ್ತು.

"ಮೂರು ತುತ್ತು ತಿಂದ. ಮೊದಲನೇದ್ರಲ್ಲಿ ಮೀನು ಇರ್ಲಿಲ್ಲ. ಎರಡನೇದ್ರಲ್ಲಿ ಮುಳ್ಳು ಸಿಕ್ಕಿತು, ಯಾರೂ ನೋಡ್ಲಿಲ್ಲ ಅಂತ ಡಾಕ್ಟರ್ ತಟ್ಟೆಗೇ ಹಾಕಿದ. ಮೂರನೇದ್ರ ಖಾರ ಶರ್ಟಿನ ಮೇಲೆ ಬಿತ್ತು, ಎರಡನೇ ಗುಂಡಿ ಹತ್ರ. ಎಲ್ಲಾ ಬಲಗೈಲಿ. ಎಡಗೈಲಿ ಫೋನಿತ್ತು."

"ಅಷ್ಟು ಜನ ಡಾಕ್ಟರ್ ನೋಡ್ತಿರೋವಾಗ ನೀನು ಇವನನ್ಯಾಕೆ ನೋಡ್ತಿದ್ದೆ?" ಎಂದಳು ಅಮನುವಾ.

ತಾಗೊ ನೆಲ ನೋಡಿದ. "ಹೊಟ್ಟೆ ಉರೀತಿತ್ತು ತಾಯಿ. ಇವತ್ತಿನದಲ್ಲ. ಇವನು ಒಂದು ಬೋರ್ಡು ಬರೆದ್ರೆ ಜನ ನಿಂತು ನೋಡ್ತಾರೆ. ನಾನು ಇಪ್ಪತ್ತು ವರ್ಷ ಟೈರು ಬಿಚ್ಚಿದೀನಿ, ಒಬ್ಬನೂ ನಿಂತು ನೋಡಿಲ್ಲ. ಇವನು ಕೂತ್ರೆ, ನಿಂತ್ರೆ, ತಿಂದ್ರೆ, ಎಲ್ಲಾ ನೋಡ್ತಿರ್ತೀನಿ. ಬೇಡ ಅಂದ್ರೂ ಕಣ್ಣು ಅಲ್ಲಿಗೇ ಹೋಗುತ್ತೆ."

ಅಮನುವಾ ಒಂದು ಗಳಿಗೆ ಇಬ್ಬರನ್ನೂ ನೋಡಿದಳು. ಆಮೇಲೆ ಮಗುವನ್ನು ಸೋವಾನ ಬಲಗೈಯ ಮೇಲಿಟ್ಟಳು.

ಅಷ್ಟರಲ್ಲಿ ಕುರ್ಚಿಗಳ ಕಡೆಯಿಂದ ದೊಡ್ಡ ಕೂಗೆದ್ದಿತು. ಡಾಕ್ಟರ್ ಬ್ಯಾಂಡೇಜ್ ಕಟ್ಟಿದ ಬಲಗೈಯನ್ನೇ ಚಾಚಿ, ಬುರುಡೆ ಹಿಡಿದು, ಗಟಗಟನೆ ಕುಡಿದುಬಿಟ್ಟಿದ್ದರು. ಕೈ ಸಲೀಸಾಗಿ ಮಡಚಿತು, ಸಲೀಸಾಗಿ ಬಿಚ್ಚಿತು. ಎಲ್ಲರೂ ಬಾಯಿ ತೆರೆದು ನಿಂತರು. ಮೊದಲು ಚೇತರಿಸಿಕೊಂಡವಳು ಮಿಸ್ ಬ್ಲಾಂಕ್ಸನ್. "ಗುಣ ಆಯ್ತು!" ಎಂದು ಕಿರುಚಿದಳು. "ತೇಶಿಯ ಹಿರಿಯರ ಆಶೀರ್ವಾದದಿಂದ ಕೈ ಗುಣ ಆಯ್ತು!" ಕ್ಯಾಮೆರಾದವರು ಒಬ್ಬರ ಮೇಲೊಬ್ಬರು ಬಿದ್ದರು. ಮರುದಿನದ ಪತ್ರಿಕೆಗಳಲ್ಲಿ ಅದೇ ತಲೆಬರಹ. ನಮ್ಮ ಬೀದಿಯ ಜೋಳದ ಮದ್ಯಕ್ಕೆ ಈಗ ದೂರದ ಊರುಗಳಿಂದ ಕೀಲುನೋವಿನವರು ಬರುತ್ತಿದ್ದಾರೆ.

ಇತ್ತ ಮೆಟ್ಟಿಲ ಬಳಿ ಸೋವಾ ಮೊಮ್ಮಗನನ್ನು ಮೂರು ಸಲ ಆಕಾಶಕ್ಕೆ ಎತ್ತಿದ. ನೆಲಕ್ಕೆ ಮುಟ್ಟಿಸಿದ. ಲಾರ್ಟೆ ಎರಚಿದ ನೀರು ಛಾವಣಿಯಿಂದ ಮಗುವಿನ ಮೇಲೆ ಹನಿಯಿತು, ಅದು ಬೀದಿಗೆಲ್ಲ ಕೇಳುವಂತೆ ಅತ್ತಿತು. ಸೋವಾನ ಕಣ್ಣಿನಿಂದಲೂ ಇಳಿಯುತ್ತಿತ್ತು. ಒಂದು ಕ್ಯಾಮೆರಾವೂ ಇತ್ತ ತಿರುಗಲಿಲ್ಲ, ಅದು ಅವನಿಗೆ ಗೊತ್ತೂ ಆಗಲಿಲ್ಲ.

ಗೊತ್ತಾದದ್ದು ಆಮೇಲೆ. ಮಗುವನ್ನು ಎದೆಗೊತ್ತಿಕೊಂಡು ನನ್ನ ಬಳಿ ಬಂದು, "ಕ್ಪಾಕ್ಪೊ, ತಾಗೊ ಹೇಳಿದ್ದು ಕೇಳ್ದೆಯಾ? ಇಪ್ಪತ್ತು ವರ್ಷ! ನನ್ನ ಮೇಲೆ! ಅದನ್ನ ಯಾರಾದ್ರೂ ಹಿಡ್ಕೊಂಡ್ರಾ?" ಎಂದು ಕೇಳಿದ. ನಾವು ಅಂಗಳದಲ್ಲಿದ್ದ ಒಂದೊಂದು ಫೋನನ್ನೂ ತೆಗೆಸಿ ನೋಡಿದೆವು. ಎಲ್ಲದರಲ್ಲೂ ಡಾಕ್ಟರ ಬ್ಯಾಂಡೇಜಿತ್ತು.

ತಾಗೊ ಅಷ್ಟು ಹೊತ್ತಿಗೆ ಅಂಗಡಿಗೆ ಹೋಗಿ ಟಾರ್ಪಾಲು ಬಿಚ್ಚುತ್ತಿದ್ದ. ಸೋವಾ ಮೊಮ್ಮಗನನ್ನು ಎತ್ತಿಕೊಂಡೇ ಅಲ್ಲಿಗೆ ಓಡಿದ, ಫೋನನ್ನು ನನ್ನ ಕೈಗೆ ಕೊಟ್ಟು ಹಿಡಿಯಲು ಹೇಳಿದ.

"ತಾಗೊ, ಇನ್ನೊಂದೇ ಒಂದ್ಸಲ ಹೇಳೋ. ಇಲ್ಲಿ ನೋಡ್ಕೊಂಡು ಹೇಳು."

"ಏನು ಹೇಳೋದು?"

"ಅದೇ, ನನ್ನ ಮೇಲೆ ಹೊಟ್ಟೆ ಉರಿ ಅಂತ."

ತಾಗೊ ಗಂಟು ಬಿಚ್ಚುತ್ತಾ ತಿರುಗಿ ನೋಡಿದ. "ನಿನ್ನ ಮೇಲೆ? ನನಗೆ? ನಾನು ಹಾಗೆ ಹೇಳೇ ಇಲ್ಲ," ಎಂದ. "ಹೇಳಿದ್ರೆ ಎಲ್ಲಿದೆ, ತೋರಿಸು."